ಪೈಪೋಟಿಯಿಂದ ಹುಟ್ಟಿದ ಸೈಕಲ್ ಪಂದ್ಯ: ಮಲೆನಾಡಿನ ವರ್ತಕರಿಗೊಂದು ಪಾಠ

ವ್ಯಾಪಾರದಲ್ಲಿ ಬಂಡವಾಳದಷ್ಟೇ ಸಮಯಪ್ರಜ್ಞೆಯೂ ಮುಖ್ಯ. ಇಟಲಿಯ ಪ್ರಸಿದ್ಧ ಸೈಕಲ್ ಪಂದ್ಯ ‘ಜಿರೋ ದಿತಾಲಿಯಾ’ದ ಹುಟ್ಟು ಇದಕ್ಕೆ ಉತ್ತಮ ನಿದರ್ಶನ.

1908ರಲ್ಲಿ ‘ಕೊರಿಯೆರೆ ದೆಲ್ಲಾ ಸೆರಾ’ ಪತ್ರಿಕೆಯು ಬಿಯಾಂಕಿ ಸೈಕಲ್ ಕಂಪನಿಯೊಡಗೂಡಿ ಇಂತಹ ಪಂದ್ಯವನ್ನು ಯೋಜಿಸುತ್ತಿತ್ತು. ಸುದ್ದಿ ತಿಳಿದ ‘ಗಜೆಟ್ಟಾ ದೆಲ್ಲೊ ಸ್ಪೋರ್ಟ್’ ಪತ್ರಿಕೆಯು ಕೈಯಲ್ಲಿ ಹಣವಿಲ್ಲದಿದ್ದರೂ ಆಗಸ್ಟ್ ತಿಂಗಳಲ್ಲೇ ತನ್ನ ಪಂದ್ಯವನ್ನು ಘೋಷಿಸಿತು. ಅನಂತರವೇ ದೇಣಿಗೆ ಸಂಗ್ರಹಕ್ಕೆ ಇಳಿಯಿತು. ಹಿಂದೆ ಬಿದ್ದ ಕೊರಿಯೆರೆ ಪತ್ರಿಕೆಯೂ ಮುನಿಸು ತೋರದೆ 3,000 ಲಿರಾ ನೀಡಿತು.

1909ರ ಮೇ 13ರಂದು ಮಿಲಾನ್‌ನಿಂದ 127 ಸವಾರರು ಹೊರಟರು. ಎಂಟು ಹಂತಗಳ, ಸುಮಾರು 2,448 ಕಿ.ಮೀ. ಹಾದಿಯನ್ನು ಪೂರೈಸಿದವರು 49 ಮಂದಿ ಮಾತ್ರ. ಗೆದ್ದವರು ಗಾರೆ ಕೆಲಸದಿಂದ ಬಂದ ಲುಯಿಜಿ ಗನ್ನಾ. ಮುಂದೆ ಅವರು ತಮ್ಮದೇ ಹೆಸರಿನ ಸೈಕಲ್‌ಗಳ ತಯಾರಕರಾದರು. ಗಜೆಟ್ಟಾದ ಗುಲಾಬಿ ಕಾಗದದ ಬಣ್ಣವೇ 1931ರಿಂದ ಮುಂಚೂಣಿಯ ಸವಾರನ ಅಂಗಿಯ ಬಣ್ಣವಾಯಿತು. ಪತ್ರಿಕೆಗೆ ಇದಕ್ಕಿಂತ ಮಿಗಿಲಾದ ಜಾಹೀರಾತು ಯಾವುದು?

ಹಂತಗಳ ಪಂದ್ಯದ ವಿಶೇಷವೆಂದರೆ, ಅದು ಪ್ರತಿ ಸಂಜೆ ಒಂದೊಂದು ಊರಿನಲ್ಲಿ ತಂಗುತ್ತದೆ. ಸಾಗರ ತಾಲ್ಲೂಕಿನ ಜೋಗ, ಹೊಸನಗರ ತಾಲ್ಲೂಕಿನ ನಗರದ ಕೋಟೆ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಹಾಗೂ ಆಗುಂಬೆಗಳನ್ನು ಬೆಸೆಯುವ ಸೈಕಲ್ ಯಾತ್ರೆಯೊಂದನ್ನು ಮಳೆಗಾಲ ಕಳೆದ ಮೇಲೆ ಏರ್ಪಡಿಸಿದರೆ, ವಸತಿಗೃಹ, ಖಾನಾವಳಿ, ಸೈಕಲ್ ದುರಸ್ತಿ ಅಂಗಡಿಗಳಿಗೆ ವ್ಯಾಪಾರ ದೊರೆಯುತ್ತದೆ. ಗುಡಿಗಾರರ ಶ್ರೀಗಂಧದ ಕೆತ್ತನೆಗೂ ಅಪ್ಪೆಮಿಡಿ ಉಪ್ಪಿನಕಾಯಿಗೂ ಗಿರಾಕಿಗಳು ಊರಬಾಗಿಲಿಗೇ ಬರುತ್ತಾರೆ. ಮೂರು ಪೇಟೆಗಳ ವರ್ತಕರು ಒಂದಾಗಿ ಮೊದಲ ಹೆಜ್ಜೆ ಇಡಬೇಕಾಗಿದೆ.