ಕೃತಕ ಹೃತ್ಕವಾಟಗಳ ವರಣವಿಚಾರ

ಕವಾಟವೆಂದರೆ ಬಾಗಿಲ ಕದವೆಂಬುದು ವಾಚಕರಿಗೆ ತಿಳಿದುದೇ. ಹೃದಯದೊಳಗಿನ ನಾಲ್ಕು ‘ವಾಲ್ವು’ಗಳಿಗೆ ಈ ಶಬ್ದವು ಚೆನ್ನಾಗಿ ಸಲ್ಲುವುದು, ಭೇದವಿಷ್ಟೆ: ಮನೆಯ ಕದವು ಒಳಕ್ಕೂ ಹೊರಕ್ಕೂ ದಾರಿಗೊಡುವುದು, ಹೃದಯದ ಕದವು ರಕ್ತವನ್ನು ಮುಂದಕ್ಕೆ ಮಾತ್ರ ಬಿಡುವುದು. ಅದು ಬಿಗಿದು ಕಿರಿದಾದರೆ, ಇಲ್ಲವೆ ಮುಚ್ಚದೆ ಸೋರಿದರೆ, ದುರಸ್ತಿಗೆ ಒಗ್ಗದಿದ್ದಲ್ಲಿ ಶಸ್ತ್ರಕ್ರಿಯೆಯಿಂದ ಕೃತಕ ಕವಾಟವನ್ನು ಕೂರಿಸಬೇಕಾಗುವುದು. ಯಾವುದನ್ನು ಕೂರಿಸಬೇಕೆಂಬುದೇ ಪ್ರಕೃತ ವಿಚಾರ.

ಇವುಗಳಲ್ಲಿ ಎರಡು ಬಗೆಯುಂಟು. ಮೊದಲನೆಯದು ಯಾಂತ್ರಿಕ ಕವಾಟ. ಇದು ಬಹುಕಾಲ ಸವೆಯದು. ಆದರೆ ಇದರ ಮೇಲೆ ರಕ್ತವು ಹೆಪ್ಪುಗಟ್ಟುವ ಭಯವಿರುವುದರಿಂದ ಬದುಕಿರುವವರೆಗೂ ವಾರ್ಫರಿನ್ ಮೊದಲಾದ ಮಾತ್ರೆಯನ್ನು ಸೇವಿಸುತ್ತ, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಮಾಡಿಸುತ್ತಿರಬೇಕು. ಎರಡನೆಯದು ಹಂದಿಯ ಕವಾಟದಿಂದಲೋ ದನದ ಹೃದಯಾವರಣದ ಪೊರೆಯಿಂದಲೋ ಆದ ಜೈವಿಕ ಕವಾಟ. ಇದಕ್ಕೆ ಸಾಮಾನ್ಯವಾಗಿ ಆಜೀವ ಮಾತ್ರೆಯ ಬಂಧನವಿಲ್ಲ. ಆದರೆ ಇದು ಕಾಲಕ್ರಮದಲ್ಲಿ ಜೀರ್ಣವಾಗುವುದು, ಎಳೆಯ ದೇಹದಲ್ಲಂತೂ ಬೇಗನೆ.

1960ರಲ್ಲಿ ಅಮೆರಿಕದ ಸ್ಟಾರ್ ಮತ್ತು ಎಡ್ವರ್ಡ್ಸ್ ಎಂಬವರ ಗೋಲಕವಾಟವು ಬಳಕೆಗೆ ಬಂದಿತು. ಅನಂತರ ಬಿಲ್ಲೆಯ ಕವಾಟಗಳೂ, 1977ರಲ್ಲಿ ಎರಡು ದಳದವೂ ಬಂದವು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ನಾಯಕತ್ವದಲ್ಲಿ ಸಿದ್ಧವಾದ ಬಿಲ್ಲೆಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಜೋಡಿಸಿದರು. ಈ ಮಹನೀಯರು ಮುಂದೆ ಮಣಿಪಾಲದಲ್ಲಿ ನೆಲಸಿ, ಚರಕ ಸುಶ್ರುತ ವಾಗ್ಭಟರನ್ನು ಕುರಿತು ಗ್ರಂಥಗಳನ್ನು ರಚಿಸಿ, 2024ರಲ್ಲಿ ದಿವಂಗತರಾದರು.

ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಒಲವು ಜೈವಿಕ ಕವಾಟದ ಕಡೆಗೆ ತಿರುಗಿದೆ. ಅಲ್ಲಿಯ ರೋಗಿಗಳು ಬಹುಮಟ್ಟಿಗೆ ವೃದ್ಧರು. ಮೇಲಾಗಿ, ಜೀರ್ಣವಾದ ಕವಾಟದೊಳಗೆ ತೊಡೆಯ ರಕ್ತನಾಳದ ಮೂಲಕ ಹೊಸದೊಂದನ್ನು ಸೇರಿಸುವ ಉಪಾಯವೂ ದೊರೆತಿದೆ. ನಮ್ಮಲ್ಲಿಯಾದರೋ ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ ತರುಣರು ಹೆಚ್ಚು. ಅವರಿಗೆ ಯಾಂತ್ರಿಕವನ್ನೇ ವಿಧಿಸುವುದು ರೂಢಿ. 2020ರ ಅಮೆರಿಕದ ವೈದ್ಯಸೂತ್ರವು ಮಹಾಧಮನಿಯ ಕವಾಟದ ವಿಷಯದಲ್ಲಿ 50 ವರ್ಷದೊಳಗಿನವರಿಗೆ ಯಾಂತ್ರಿಕವನ್ನೂ, 65 ಮೀರಿದವರಿಗೆ ಜೈವಿಕವನ್ನೂ ಸೂಚಿಸಿ, ನಡುವಣವರನ್ನು ವಿಮರ್ಶೆಗೆ ಬಿಡುತ್ತದೆ.

ಆದರೆ ವಯಸ್ಸೊಂದನ್ನೇ ಹೇತುವಾಗಿ ಹಿಡಿದರೆ ಅದು ನೈಯಾಯಿಕರು ಹೇಳುವ ಅನೈಕಾಂತಿಕವಾಗುವುದು. ಅರಕಲಗೂಡಿನ ಹಳ್ಳಿಯೊಂದರ ಇಪ್ಪತ್ತೈದು ವರ್ಷದ ಗೃಹಿಣಿಯನ್ನು ಭಾವಿಸಿಕೊಳ್ಳೋಣ. ವಯಸ್ಸು ಯಾಂತ್ರಿಕವನ್ನು ಹೇಳುವುದು. ಆಕೆಗೆ ಸಂತಾನಾಪೇಕ್ಷೆಯಿದ್ದರೆ, ಗರ್ಭದ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಶಿಶುವಿಗೆ ಅಂಗದೋಷವನ್ನು ತರಬಹುದು. ಹೆದರಿ ತಾನಾಗಿಯೇ ಮಾತ್ರೆಯನ್ನು ಬಿಟ್ಟರೆ ತಾಯಿಯ ಪ್ರಾಣಕ್ಕೇ ಅಪಾಯ. ಜೈವಿಕವನ್ನು ವರಿಸಿದರೆ ಮಕ್ಕಳು ಬೆಳೆಯುವ ಹೊತ್ತಿಗೆ ಮತ್ತೊಂದು ಶಸ್ತ್ರಕ್ರಿಯೆ ಕಾದಿರುವುದು.

ಊಟದ ಮಾತೂ ಇಲ್ಲಿ ಸಣ್ಣದಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಿ ಮುದ್ದೆಗೆ ಸೊಪ್ಪಿನ ಸಾರು ನಿತ್ಯದ ಜೊತೆ. ಮಳೆ ಬಿದ್ದಾಗ ಹೊಲದ ಬೆರಕೆಸೊಪ್ಪು ಹೇರಳ. ಸೊಪ್ಪಿನಲ್ಲಿರುವ ‘ಕೆ’ ಜೀವಸತ್ತ್ವವು ವಾರ್ಫರಿನ್ನಿನ ಬಲವನ್ನು ಕುಗ್ಗಿಸುವುದು. ಸೊಪ್ಪನ್ನು ತ್ಯಜಿಸಬೇಕೆಂದಲ್ಲ, ಪ್ರಮಾಣವು ಏಕರೀತಿಯಲ್ಲಿರಬೇಕೆಂದೇ ವಿಧಿ. ಪರೀಕ್ಷೆಗೆ ಹಾಸನಕ್ಕೆ ಹೋಗಿಬರುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಪಾದನೆ ಹೋದಂತೆ. ದನದ ಪೊರೆ ಬೇಡವೆಂಬ ಆಚಾರಶಂಕೆ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ನಾಚಿಕೊಳ್ಳತಕ್ಕುದೇನೂ ಇಲ್ಲ.

ಹೀಗೆ ನಿರ್ದೋಷವಾದ ಕವಾಟವೆಂಬುದಿಲ್ಲ. ಯಾವ ಭಾರವನ್ನು ಈ ರೋಗಿಯು ಹೊರಬಲ್ಲನೆಂಬುದೇ ಪ್ರಶ್ನೆ. ದೇಶ, ಕಾಲ, ವಯಸ್ಸು, ಆಹಾರಗಳನ್ನು ನೋಡಿ ಚಿಕಿತ್ಸೆಯನ್ನು ನಿರ್ಣಯಿಸಬೇಕೆಂದು ನಮ್ಮ ಆಯುರ್ವೇದಾಚಾರ್ಯರು ವಿಧಿಸಿದುದು ಲೋಹದ ಕವಾಟಕ್ಕೂ ಅನ್ವಯಿಸುವುದು. ಬೆಂಗಳೂರಿನ ಅಥವಾ ಮೈಸೂರಿನ ಜಯದೇವ ಆಸ್ಪತ್ರೆಗೆ ಹೊರಟ ನೆರೆಯವರೊಬ್ಬರು ಓದುಬಲ್ಲವರೆಂದು ನಮ್ಮನ್ನು ಕೇಳಿದರೆ, ಇಂಥದೇ ಕವಾಟ ಒಳ್ಳೆಯದೆಂದು ನಾವು ಹೇಳಬೇಕಾದುದಿಲ್ಲ. ತಮ್ಮ ಊಟ, ದುಡಿಮೆ, ಊರಿನ ದೂರ, ಸಂತಾನದ ಆಸೆ ಇವನ್ನೆಲ್ಲ ವೈದ್ಯರ ಮುಂದೆ ಬಿಚ್ಚಿ ಹೇಳಿರೆಂದರೆ ಸಾಕು; ನಿರ್ಣಯಕ್ಕೆ ಬೇಕಾದ ಅರ್ಧ ಸಾಮಗ್ರಿ ಅಲ್ಲಿಯೇ ಇದೆ.