ಪತ್ತೆಮಾರಿ ಗೆಲ್ತದಾ, ಯಾಟ್ ಗೆಲ್ತದಾ?

19ನೇ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಹಾಯಿ ಹಡಗು ಹತ್ತಿ ಮುಂಬೈಗೆ ಹೋಗ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಆದರೆ ಮುಂಬೈ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. ಆಗ ಈ ಕರಾವಳಿಯಲ್ಲಿ ಸರಕು ಹೊರುತ್ತಿದ್ದ ಮುಖ್ಯ ಹಡಗು ಪತ್ತೆಮಾರಿ. ದೊಡ್ಡದಾದರೆ 75 ಅಡಿ ಉದ್ದ, ಮುಂದಕ್ಕೆ ವಾಲಿದ ಎರಡು ಕಂಬ, ಪ್ರತಿ ಕಂಬಕ್ಕೂ ಓರೆಯಾಗಿ ತೂಗುಬಿಟ್ಟ ಉದ್ದನೆಯ ಮರ, ಆ ಮರಕ್ಕೆ ಕಟ್ಟಿದ ಮೂರು ಮೂಲೆಯ ಹಾಯಿ. ಎಂಜಿನ್ ಇಲ್ಲ.

ಈಗ ನಾವು ಒಂದು ರೇಸ್ ಕಲ್ಪಿಸಿಕೊಳ್ಳೋಣ. ಕುಮಟಾದ ಮುಂದೆ ಒಂದು ಪತ್ತೆಮಾರಿ, ಪಕ್ಕದಲ್ಲಿ ಇವತ್ತಿನ ಫೈಬರ್‌ಗ್ಲಾಸ್ ಯಾಟ್. ಮುಂಬೈ ಸುಮಾರು 280 ನಾಟಿಕಲ್ ಮೈಲಿ. ಯಾರು ಮೊದಲು?

ಥಟ್ಟನೆ ‘ಹೊಸದೇ’ ಅಂತೀರಿ. ಉತ್ತರ ಸರಿ. ಆದರೆ ಎಷ್ಟು ಅಂತರದಲ್ಲಿ, ಯಾಕೆ ಅನ್ನೋದರಲ್ಲೇ ಇರೋದು ಮಜಾ.

ಮೊದಲು ಸೂತ್ರ. ನೀರನ್ನು ಸೀಳಿಕೊಂಡು ಹೋಗುವ ಒಡಲು ತಾನೇ ಎಬ್ಬಿಸಿದ ಅಲೆಯೊಳಗೆ ಸಿಕ್ಕಿಬೀಳ್ತದೆ. ಹಾಗಾಗಿ ಅದರ ವೇಗದ ಮಿತಿ, ನಾಟ್‌ಗಳಲ್ಲಿ, ಅಂದಾಜು 1.34 × √(ನೀರಿನ ಮಟ್ಟದಲ್ಲಿ ಉದ್ದ, ಅಡಿಗಳಲ್ಲಿ). 30 ಅಡಿಯ ಯಾಟ್‌ಗೆ ಇದು 7.3 ನಾಟ್. 60 ಅಡಿಯ ಪತ್ತೆಮಾರಿಗೆ 10.4! ಕಾಗದದ ಮೇಲೆ ಅಜ್ಜನೇ ಮುಂದೆ. ಹಗುರವಾದ ರೇಸಿಂಗ್ ದೋಣಿಗಳು ನೀರಿನ ಮೇಲೆದ್ದು ಜಾರುತ್ತವೆ, ಅವು ಈ ಮಿತಿಯನ್ನು ಮೀರ್ತವೆ. ಭಾರದ ಪತ್ತೆಮಾರಿಗೆ ಮಿತಿ ಮುಟ್ಟುವುದಕ್ಕೇ ಒಳ್ಳೆ ಗಾಳಿ ಬೇಕು.

ನಿಜವಾದ ವ್ಯತ್ಯಾಸ ಕಾಣೋದು ಎದುರುಗಾಳಿಯಲ್ಲಿ. ಯಾವ ಹಾಯಿ ದೋಣಿಯೂ ನೇರ ಗಾಳಿಗೆ ಮುಖ ಮಾಡಿ ಹೋಗಲಾರದು, ಅಂಕುಡೊಂಕಾಗಿ ಹೋಗಬೇಕು. ಹೊಸ ಯಾಟ್‌ನ ಹಾಯಿ ಎತ್ತರ, ಕಿರಿದು, ಬಟ್ಟೆ ಬಿಗಿ. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಕೆಳಗೆ ಕೀಲ್ ಅನ್ನೋ ಇನ್ನೊಂದು ರೆಕ್ಕೆ ನೀರಿನಲ್ಲಿ ಆಳಕ್ಕೆ ಇಳಿದು, ದೋಣಿ ಪಕ್ಕಕ್ಕೆ ಜಾರದ ಹಾಗೆ ತಡೀತದೆ. ಅದರ ತುದಿಯಲ್ಲಿರುವ ಸೀಸದ ತೂಕ ದೋಣಿಯನ್ನು ನೆಟ್ಟಗೆ ನಿಲ್ಲಿಸ್ತದೆ. ಆದ್ದರಿಂದ ಅದು ಗಾಳಿಗೆ 45 ಡಿಗ್ರಿ ಹತ್ತಿರ ಹೋಗಬಲ್ಲದು. ಪತ್ತೆಮಾರಿಯ ತಳ ಉದ್ದ, ಆದರೆ ಆಳ ಕಡಿಮೆ. ಹಾಯಿಬಟ್ಟೆ ಹಿಗ್ಗುತ್ತದೆ, ದಪ್ಪ ಮರ ಗಾಳಿಯ ಹರಿವನ್ನು ಕೆಡಿಸ್ತದೆ. ಪಕ್ಕಕ್ಕೆ ಜಾರುವುದನ್ನೂ ಸೇರಿಸಿ 70 ಡಿಗ್ರಿ ಅಂದುಕೊಳ್ಳೋಣ. ಮೇಲಾಗಿ ಪ್ರತಿ ತಿರುವಿನಲ್ಲೂ ಗಾಳಿಗೆ ಬೆನ್ನು ಕೊಟ್ಟು ದೊಡ್ಡ ಸುತ್ತು ಹಾಕಿ, ಆ ಉದ್ದ ಮರವನ್ನು ಕಂಬದ ಮುಂದಿನಿಂದ ಆಚೆ ಬದಿಗೆ ಸಾಗಿಸಬೇಕು. ಯಾಟ್‌ನಲ್ಲಿ ಇಬ್ಬರು ಹಗ್ಗ ಎಳೆದರೆ ಮುಗೀತು.

ಲೆಕ್ಕಕ್ಕೆ ಯಾಟ್‌ಗೆ 6 ನಾಟ್, ಪತ್ತೆಮಾರಿಗೆ 5 ನಾಟ್ ಕೊಡೋಣ. ಎದುರುಗಾಳಿಯಲ್ಲಿ ಗುರಿಯ ಕಡೆಗಿನ ವೇಗ ಯಾಟ್‌ಗೆ 6 × cos 45° = 4.2. ಪತ್ತೆಮಾರಿಗೆ 5 × cos 70° = 1.7. ಎರಡೂವರೆ ಪಟ್ಟು ವ್ಯತ್ಯಾಸ. ಇಲ್ಲಿಗೇ ನಿಲ್ಲಿಸಿದರೆ ಹಳಬರು ಪೆದ್ದರು ಅನ್ನಿಸ್ತದೆ.

ಆದರೆ ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ದಿನ ಗಾಳಿ ಪಾಳಿಯ ಮೇಲೆ ಕೆಲಸ ಮಾಡ್ತದೆ. ಮಧ್ಯಾಹ್ನ ನೆಲ ಕಾದು, ಕಡಲ ಗಾಳಿ ವಾಯವ್ಯದಿಂದ ಬೀಸ್ತದೆ. ರಾತ್ರಿ ನೆಲ ತಣಿದು, ಘಟ್ಟದ ಕಡೆಯಿಂದ ನೆಲಗಾಳಿ ಇಳೀತದೆ. ಕುಮಟಾದಿಂದ ಮುಂಬೈ ದಿಕ್ಕು ಸುಮಾರು 340 ಡಿಗ್ರಿ. ವಾಯವ್ಯ ಅಂದರೆ 315. ಹೊಸ ಯಾಟ್‌ಗೂ ಅದು ಎದುರುಗಾಳಿಯೇ. ಪೂರ್ವದ ನೆಲಗಾಳಿಯಾದರೆ 110 ಡಿಗ್ರಿ ಕೋನದಲ್ಲಿ ಬದಿಯಿಂದ ಬಂತು. ಪತ್ತೆಮಾರಿಯ ಅಗಲ ಹಾಯಿಗೆ ಬೇಕಾದದ್ದು ಇದೇ. ರಾತ್ರಿಯೆಲ್ಲ ನೇರ ಓಟ.

8 ಗಂಟೆ ಕಡಲ ಗಾಳಿ, 8 ಗಂಟೆ ನೆಲಗಾಳಿ ಹಿಡಿದು ಲೆಕ್ಕ ಹಾಕಿ. ಯಾಟ್ ದಿನಕ್ಕೆ ಸುಮಾರು 82 ಮೈಲಿ, ಪತ್ತೆಮಾರಿ 54. ಮೂರೂವರೆ ದಿನಕ್ಕೆ ಎದುರಾಗಿ ಐದು ದಿನ ಚಿಲ್ಲರೆ. ಎರಡೂವರೆ ಪಟ್ಟಿದ್ದ ಅಂತರ ಒಂದೂವರೆಗೆ ಇಳೀತು. (ನೆಲಗಾಳಿ ಪ್ರತಿ ರಾತ್ರಿ ಇಷ್ಟು ಗಟ್ಟಿ ಇರೋದಿಲ್ಲ, ಇದು ಮಾದರಿ ಲೆಕ್ಕ ಅಷ್ಟೇ.) ಇನ್ನೊಂದು ಗಮನಿಸಿ: ಮಧ್ಯಾಹ್ನ ಒದ್ದಾಡೋದು ಬಿಟ್ಟು ದಡದ ಬಳಿ ಲಂಗರು ಹಾಕಿ, ಅನ್ನ ಬೇಯಿಸಿಕೊಂಡು ಮಲಗಿದರೆ ಪತ್ತೆಮಾರಿಗೆ ನಷ್ಟ 14 ಮೈಲಿ ಮಾತ್ರ! ಮಳೆಗಾಲದಲ್ಲಿ ಕಡಲಿಗೇ ರಜೆ. ನೂಲಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ಹಾಯಿ.

ಹಾಗಂತ ಹಳೆಯದೇ ಶ್ರೇಷ್ಠ ಅನ್ನೋ ಪೈಕಿ ನಾವಲ್ಲ. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ‘ತಾರಿಣಿ’ 17 ಮೀಟರಿನ ದೋಣಿ. 2017–18ರಲ್ಲಿ ಆರು ಮಹಿಳೆಯರು ಅದರಲ್ಲಿ ಭೂಮಿಯನ್ನೇ ಸುತ್ತಿ ಬಂದರು. ದಕ್ಷಿಣ ಸಾಗರದ ಅಲೆ ಪಕ್ಕಕ್ಕೆ ಕೆಡವಿದರೂ ಸೀಸದ ಕೀಲ್ ಮತ್ತೆ ಎಬ್ಬಿಸಿ ನಿಲ್ಲಿಸ್ತದೆ. ಪತ್ತೆಮಾರಿಗೆ ತಳದಲ್ಲಿರುವ ಸರಕೇ ತೂಕ, ಸರಕಿಲ್ಲದಿದ್ದರೆ ಕಲ್ಲೋ ಮರಳೋ ತುಂಬಬೇಕು. ಅಂಥ ಸಮುದ್ರಕ್ಕೆ ಅದನ್ನು ಒಯ್ಯಲು ನಾವು ಯಾರಿಗೂ ಹೇಳೋದಿಲ್ಲ.

ಆದರೆ ಅದೇ ತಾರಿಣಿ ಮಾದರಿಯನ್ನು ಹೊನ್ನಾವರಕ್ಕೆ ತನ್ನಿ. ಅದಕ್ಕೆ ಸುಮಾರು 2.5 ಮೀಟರ್ ಆಳದ ನೀರು ಬೇಕು. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ಮೀನುಗಾರಿಕೆ ದೋಣಿಗಳೇ ಮತ್ತೆ ಮತ್ತೆ ಅಪಘಾತಕ್ಕೆ ಸಿಕ್ತವೆ. ಇಳಿತದ ಹೊತ್ತಲ್ಲಿ ಆ ಕೀಲ್ ಹೊತ್ತು ಒಳಗೆ ಬರೋ ಧೈರ್ಯ ನಮಗಂತೂ ಇಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಒಂದು ಭಾನುವಾರ ಹೋಗಿಬರೋಕೆ (ಸುಮಾರು 10 ನಾಟಿಕಲ್ ಮೈಲಿ) ಅಷ್ಟು ಆಳದ ಕೀಲೂ ಬೇಡ. ಬೆಳಗಿನ ನೆಲಗಾಳಿ ಕರಕೊಂಡು ಹೋಗ್ತದೆ, ಮಧ್ಯಾಹ್ನದ ಕಡಲ ಗಾಳಿ ವಾಪಸ್ ತಂದು ಬಿಡ್ತದೆ. ಇಲ್ಲಿನ ತಿರುಗಾಟಕ್ಕೆ ನಮ್ಮ ಓಟು: ಹಳೆಯ ಆಳವಿಲ್ಲದ ಒಡಲು, ಹೊಸ ಹಾಯಿ, ಬೇಕಾದಾಗ ಮೇಲೆತ್ತಬಹುದಾದ ಕೀಲ್.

ಆ ಒಡಲಿನ ನಕ್ಷೆ ಎಲ್ಲಿ ಸಿಗ್ತದೆ? ಬಡಗಿಗಳು ಕಟ್ಟಿದ್ದು ಕಣ್ಣಳತೆಯಲ್ಲಿ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗಿಗೂ ಇದೇ ತೊಂದರೆ. ಅದು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು. ಆಧಾರ ಅಂತ ಇದ್ದದ್ದು ಅಜಂತಾದ ಒಂದು ಚಿತ್ರ. ನಕ್ಷೆ ಇಲ್ಲದ ಕಾರಣ ಐಐಟಿ ಮದ್ರಾಸಿನವರು ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಬೇಕಾಯಿತು. ನಮ್ಮಲ್ಲಿ ಚಿತ್ರವಲ್ಲ, ವಸ್ತುವೇ ಅಲ್ಲಲ್ಲಿ ಉಳಿದಿದೆ. ತದಡಿಯಲ್ಲೋ, ಭಟ್ಕಳ ಬಂದರಿನಲ್ಲೋ ತೆಂಗಿನ ಬುಡದಲ್ಲಿ ಮಗುಚಿ ಹಾಕಿದ ಹಳೇ ಮರದ ದೋಣಿ ಕಂಡರೆ ಯಜಮಾನರನ್ನು ಕೇಳಿ ಅಳೆಯಿರಿ. ಟೇಪು, ತೂಗುಗುಂಡು, ಗ್ರಾಫ್ ಹಾಳೆ ಸಾಕು. ಪ್ರತಿ ಅರ್ಧ ಮೀಟರಿಗೆ ಒಂದು ಅಡ್ಡ ಸೀಳುನೋಟ ಬರೆದುಕೊಳ್ಳಿ, ಮೂತಿಯ ಹತ್ತಿರ ಬಾಗು ಜಾಸ್ತಿ ಇರೋದರಿಂದ ಅಲ್ಲಿ ಕಾಲು ಮೀಟರಿಗೊಂದು. ಕ್ಯಾಡ್‌ಗೆ ಹಾಕುವ ಕೆಲಸ ಹಾಸ್ಟೆಲಿಗೆ ಬಂದ ಮೇಲೆ ಮಾಡಬಹುದು.