ಸೇಲಂ: ತೀರ್ಪಿತ್ತವನಿಗೆ ಗೋರಿ, ಸತ್ತವರಿಗೆ ಬೆಂಚು

ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಸೇಲಂ. ಇಳಿದು ಸ್ವಲ್ಪ ದೂರ ನಡೆದರೆ ಮಾಟಗಾತಿ ಮ್ಯೂಸಿಯಂ. ಅದರೆದುರು ನಿಲುವಂಗಿ ತೊಟ್ಟು ಅಗಲ ಟೋಪಿಯಿಟ್ಟ ಕಂಚಿನ ಮನುಷ್ಯನೊಬ್ಬ ನಿಂತಿದ್ದಾನೆ. ಯಾವನೋ ಮಂತ್ರವಾದಿ ಇರಬೇಕೆಂದು ಜನ ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಾಪ, ಅವನು ರೋಜರ್ ಕೊನಂಟ್. 1626ರಲ್ಲಿ ಮೂಲನಿವಾಸಿಗಳ ನೌಮ್‌ಕೀಗ್‌ನಲ್ಲಿ ಇಂಗ್ಲಿಷರ ವಸಾಹತು ಹೂಡಿದವನು. ಮಾಟ ಮಾಡಿದರೆಂದು ಆರೋಪಿಸಿ ಜನರನ್ನು ನೇಣಿಗೇರಿಸಿದ ವಿಚಾರಣೆ ಇಲ್ಲಿ ನಡೆದದ್ದು 1692ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಹತ್ತು ವರ್ಷ ದಾಟಿತ್ತು.

ಊರಿಗೆ ಈ ಗೊಂದಲ ಬೇಕಾದದ್ದೇ. ಇಲ್ಲಿ ಪೊಲೀಸರ ಲಾಂಛನದಲ್ಲೂ ಪೊರಕೆಯೇರಿದ ಮಾಟಗಾತಿ. ಟಿವಿ ಧಾರಾವಾಹಿಯೊಂದರ ಮಾಟಗಾತಿಗೂ 2005ರಲ್ಲಿ ಪ್ರತಿಮೆ ಎದ್ದಿದೆ. ನೇಣಿನಿಂದ ಇಷ್ಟು ವ್ಯಾಪಾರ ಮಾಡಿದ ಊರು ಇನ್ನೊಂದಿರಲಾರದು.

ಚಾರ್ಟರ್ ಸ್ಟ್ರೀಟಿಗೆ ಬಂದರೆ ಮಾತು ನಿಲ್ಲುತ್ತದೆ. ಮೋಟು ಗ್ರಾನೈಟ್ ಗೋಡೆಯಿಂದ ಇಪ್ಪತ್ತು ಕಲ್ಲುಬೆಂಚುಗಳು ಚಾಚಿಕೊಂಡಿವೆ. ಒಂದೊಂದರ ಮೇಲೂ ಒಂದು ಹೆಸರು, ಸತ್ತ ಬಗೆ, ತಾರೀಖು. ಹತ್ತೊಂಬತ್ತು ಮಂದಿಗೆ ನೇಣು. ಆರೋಪಕ್ಕೆ ಉತ್ತರ ಕೊಡಲೊಪ್ಪದ ಮುದುಕ ಜೈಲ್ಸ್ ಕೋರಿಯನ್ನು ಮಾತ್ರ ಮೈಮೇಲೆ ಬಂಡೆ ಹೇರಿ ಕೊಂದರು. ಬಾಗಿಲಲ್ಲಿ ಹಾಸಿದ ಕಲ್ಲುಗಳಲ್ಲಿ, ತಾವು ನಿರಪರಾಧಿಗಳೆಂದು ಅವರು ಕೋರ್ಟಿನಲ್ಲಿ ಗೋಗರೆದ ಮಾತುಗಳಿವೆ. ಕೆಲವು ವಾಕ್ಯಗಳು ಗೋಡೆಯಡಿ ಹೊಕ್ಕು ಅರ್ಧಕ್ಕೇ ತುಂಡಾಗುತ್ತವೆ. ಇದನ್ನು 1992ರಲ್ಲಿ ಉದ್ಘಾಟಿಸಿದವರು ನಾಜಿಗಳ ಯಾತನಾಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್.

ಗೋಡೆಯಾಚೆಗೆ ಊರಿನ ಹಳೆಯ ಸ್ಮಶಾನ. ಆಪಾದಿತರನ್ನು ಗದರಿಸಿ ಪ್ರಶ್ನಿಸಿದ ನ್ಯಾಯಾಧೀಶ ಜಾನ್ ಹಾಥಾರ್ನ್‌ನ ಗೋರಿಕಲ್ಲು ಅಲ್ಲಿದೆ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಇವನ ವಂಶದವನೇ. ನೇಣಿಗೇರಿದವರು? ಬೆಂಚುಗಳ ಕೆಳಗೆ ಯಾರೂ ಇಲ್ಲ. ಅವರಿಗೆ ಗುರುತಿಟ್ಟ ಸಮಾಧಿಯನ್ನು ಆ ಕಾಲ ಕೊಡಲೇ ಇಲ್ಲ.

ನೇಣು ಹಾಕಿದ ಜಾಗಕ್ಕೆ ಗುರುತು ಬಿದ್ದದ್ದಂತೂ ಮೊನ್ನೆ ಮೊನ್ನೆ. ಗ್ಯಾಲೋಸ್ ಹಿಲ್ ಗುಡ್ಡದ ತುದಿಯೇ ಅದೆಂದು ಜನ ಬಹುಕಾಲ ನಂಬಿದ್ದರು. ತುದಿಯಲ್ಲ, ತಪ್ಪಲಿನ ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆಯೇರು ಎಂದು ಇತಿಹಾಸಕಾರ ಸಿಡ್ನಿ ಪರ್ಲಿ 1921ರಲ್ಲೇ ಹೇಳಿದ್ದ. ನಗರಸಭೆ 1936ರಲ್ಲಿ ಜಾಗ ಕೊಂಡಿತು, ಫಲಕ ಮಾತ್ರ ಹಾಕಲಿಲ್ಲ. 2016ರಲ್ಲಿ ಸಂಶೋಧಕರು ಪರ್ಲಿಯ ಮಾತನ್ನು ಖಚಿತಪಡಿಸಿದ ಮೇಲೆ, 2017ರ ಜುಲೈ 19ರಂದು ಸ್ಮಾರಕ ತೆರೆಯಿತು. ಐದು ಹೆಂಗಸರನ್ನು ಒಂದೇ ದಿನ ನೇಣಿಗೇರಿಸಿ ಅಂದಿಗೆ ಸರಿಯಾಗಿ 325 ವರ್ಷ. ಒಂದು ಔಷಧದಂಗಡಿಯ ಹಿಂಬದಿ, ಮನೆಗಳ ನಡುವೆ, ಹತ್ತೊಂಬತ್ತು ಹೆಸರು ಕೆತ್ತಿದ ಅರ್ಧವರ್ತುಲದ ಕಲ್ಲುಗೋಡೆ. ಪ್ರವಾಸಿ ಬಸ್ಸುಗಳ ಗದ್ದಲ ಇಲ್ಲಿಗೆ ಮುಟ್ಟುವುದಿಲ್ಲ.

ಆದರೆ ಕಿಚ್ಚು ಹತ್ತಿದ್ದು ಸೇಲಂ ಪಟ್ಟಣದಲ್ಲಲ್ಲ. ಆಗ ಸೇಲಂ ವಿಲೇಜ್ ಎನ್ನಿಸಿಕೊಂಡಿದ್ದ ಇಂದಿನ ಡ್ಯಾನ್ವರ್ಸ್‌ನಲ್ಲಿ. ಪೇಟೆಯವರ ಮಳಿಗೆಗಳಿಗೆ ಈ ವಿಷಯದಲ್ಲಿ ಆಸಕ್ತಿಯಿಲ್ಲ. ಡ್ಯಾನ್ವರ್ಸ್‌ನ ಮನೆಗಳ ಹಿಂದಿನ ಕಾಲುದಾರಿಯಲ್ಲಿ ಹೋದರೆ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯ ಪಾಯ ಸಿಗುತ್ತದೆ; 1970ರಲ್ಲಿ ಅಗೆದು ತೆಗೆದದ್ದು. ಅವನ ಮನೆಯ ಹುಡುಗಿಯರು ವಿಚಿತ್ರವಾಗಿ ಚೀರಾಡತೊಡಗಿದ್ದು, ಅವನ ಗುಲಾಮಳಾಗಿದ್ದ ಟಿಟೂಬಾಳ ಮೇಲೆ ಬೆರಳು ತೋರಿದ್ದು ಇಲ್ಲೇ.

ಅಲ್ಲಿಂದ ತುಸು ದೂರ ರೆಬೆಕಾ ನರ್ಸ್‌ಳ ತೋಟದ ಮನೆ. ಎಪ್ಪತ್ತೊಂದರ ಮುದುಕಿ, ಪಂಚರು ಮೊದಲು ನಿರಪರಾಧಿ ಎಂದರು. ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಎಂದು ಒಳಗೆ ಕಳಿಸಿದರು, ಹೊರಬಂದಾಗ ಅಪರಾಧಿ. ಮನೆಯವರು ಕತ್ತಲಲ್ಲಿ ಶವ ತಂದು ಈ ಹೊಲದಲ್ಲೆಲ್ಲೋ ಹೂತರೆಂಬ ಪ್ರತೀತಿಯಿದೆ. ವಂಶಸ್ಥರು 1885ರಲ್ಲಿ ಇಲ್ಲಿ ಅವಳ ಸ್ಮಾರಕ ನಿಲ್ಲಿಸಿದರು. ನನಗೆ ಹಿಡಿಸಿದ್ದು 1892ರಲ್ಲಿ ಅದರ ಬಳಿ ನೆಟ್ಟ ಇನ್ನೊಂದು ಕಲ್ಲು. ಅವಳು ಒಳ್ಳೆಯವಳೆಂದು ಜೀವಭಯ ಬಿಟ್ಟು ಸಹಿ ಹಾಕಿಕೊಟ್ಟ ಸುಮಾರು 40 ನೆರೆಹೊರೆಯವರ ಹೆಸರು ಅದರಲ್ಲಿವೆ. ಈ ಸುತ್ತಿನ ಅಷ್ಟೂ ಫಲಕ, ಪ್ರತಿಮೆಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ.

ಅಕ್ಟೋಬರಿನಲ್ಲಿ ಹೋಗಬೇಡಿ, ಹ್ಯಾಲೊವೀನ್ ಜಾತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡ್ಯಾನ್ವರ್ಸ್‌ಗೆ ರೈಲಿಲ್ಲ, ಕಾರು ಬೇಕು. ನರ್ಸ್ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೊರಡಿ. ಒಂದೇ ದಿನ ಕೈಯಲ್ಲಿದ್ದರೆ ಮೊದಲು ಡ್ಯಾನ್ವರ್ಸ್ ನೋಡಿ, ಆಮೇಲೆ ಸೇಲಂ.